ದಪ್ಪ ತೋಟಾ, ಸಪೂರ ನಳಿಗೆ

ಮಗಳ ಕೋವಿಗೆ ಯಾವ ತೋಟಾ ಕೊಡಬೇಕೆಂದು ತಾವೆತ್ತಿ ಆ ಬೇಸಿಗೆಯಿಡೀ ತಲೆ ಕೆಡಿಸಿಕೊಂಡ. ಅವಳ ಮದುವೆಯ ಹೊತ್ತಿನಲ್ಲೂ ಮುದುಕ ಇಷ್ಟು ಯೋಚಿಸಿರಲಿಲ್ಲ ಎಂದು ಅವನ ಹೆಂಡತಿಯ ತಮ್ಮ ಯಾಲ್ಮರ್ ಕಂಡಕಂಡವರ ಹತ್ತಿರ ಆಡಿಕೊಂಡು ನಕ್ಕ.

ಸೈಮಿಗೆ ಮೂವತ್ತು ದಾಟಿತ್ತು. ಗಂಡ ಅದಿರಿನ ಹಡಗಿನಲ್ಲಿ ಕೆಲಸಕ್ಕಿದ್ದ. ದೊಡ್ಡ ಸರೋವರ ಹೆಪ್ಪುಗಟ್ಟಿ ಹಡಗು ನಿಲ್ಲುವವರೆಗೆ ಮನೆಗೆ ಬರುವವನಲ್ಲ. "ಈ ಸಲ ಜಿಂಕೆ ಮಾಂಸ ನಾನೇ ತರ್ತೀನಿ ಅಪ್ಪಾ. ಯಾಲ್ಮರ್ ಮಾವನ ಬಾಗ್ಲಿಗೆ ಪಾತ್ರೆ ಹಿಡ್ಕೊಂಡು ಹೋಗಿ ಸಾಕಾಯ್ತು" ಎಂದು ಅವಳು ಅಂದಾಗ ತಾವೆತ್ತಿ ಬೇಡ ಅನ್ನಲಿಲ್ಲ. ಜೌಗಿನ ಅಂಚಿನಲ್ಲಿದ್ದ ಬೇಟೆಯ ಬಿಡಾರಕ್ಕೆ ಹೆಂಗಸರು ರೊಟ್ಟಿ ಹೊತ್ತು ಬಂದದ್ದುಂಟು. ಕೋವಿ ಹೊತ್ತು ಬಂದವರಿರಲಿಲ್ಲ. ಆದರೂ ಅವನು ಬೇಡ ಅನ್ನಲಿಲ್ಲ.

ಜಲ್ಲಿ ತೆಗೆದ ಹಳೆಯ ಹೊಂಡಕ್ಕೆ ಕರೆದುಕೊಂಡು ಹೋಗಿ ಮೊದಲು ತನ್ನ ಕೋವಿಯನ್ನೇ ಕೊಟ್ಟು ನೋಡಿದ. ಅದು ಮುನ್ನೂರೆಂಟರ ಅಳತೆಯ ನಳಿಗೆಯದ್ದು. ಗಿಡ್ಡ ತೋಟಾ, ದಪ್ಪ ಗುಂಡು. ಒದೆತಕ್ಕೆ ಸೈಮಿಯ ಹೆಗಲು ನೀಲಿಗಟ್ಟಿತು. ಅದಾದರೂ ವಾಸಿಯಾಗುತ್ತಿತ್ತು. ಮೂರನೆಯ ಗುಂಡಿನ ಹೊತ್ತಿಗೆ ಅವಳು ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚತೊಡಗಿದಳು. ಅದಕ್ಕೆ ಮದ್ದಿಲ್ಲ. ಕಣ್ಣು ಮುಚ್ಚುವುದು ಮನಸ್ಸಲ್ಲ, ಮೈ. ಮೈ ಒಮ್ಮೆ ಹೆದರಿದರೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಹಾಗೆ ಕಣ್ಣು ಮುಚ್ಚಿ ಹೊಡೆದ ಜಿಂಕೆ ಹೊಟ್ಟೆಗೆ ಏಟು ತಿಂದು ಜೌಗು ಹೊಕ್ಕು ಮೂರು ದಿನ ನರಳಿ ಸಾಯುವುದನ್ನು ತಾವೆತ್ತಿ ತನ್ನ ಕಾಲದಲ್ಲಿ ನೋಡಿದ್ದ.

ಆಮೇಲೆ ಅವನು ಇನ್ನೂರೆಪ್ಪತ್ತರ ಕೋವಿಯೊಂದನ್ನು ಹುಡುಕಿ ತಂದ. ಅದರ ತೋಟಾ ಉದ್ದ, ಗುಂಡು ಸಪೂರ ಮತ್ತು ಹಗುರ. ಕೋವಿ ಸ್ವಲ್ಪ ಭಾರವೇ, ಆದ್ದರಿಂದ ಒದೆತ ಕಡಿಮೆ. ಗುಂಡು ದಾರ ಕಟ್ಟಿದ ಹಾಗೆ ನೇರ ಹೋಗುತ್ತದೆ, ದೂರ ಅಳೆಯಲು ಬಾರದವರಿಗೂ ಕೈಕೊಡುವುದಿಲ್ಲ. ಹೊಂಡದಲ್ಲಿ ಸೈಮಿ ಅದರಲ್ಲಿ ಹೊಡೆದಳು, ಮತ್ತೆ ಹೊಡೆದಳು, ಕಣ್ಣು ತೆರೆದೇ ಹೊಡೆದಳು. ತಾವೆತ್ತಿ ಅವಳ ಗುರಿಯನ್ನು ನೋಡಲೇ ಇಲ್ಲ, ರೆಪ್ಪೆಯನ್ನೇ ನೋಡುತ್ತಿದ್ದ. ಇದೇ ಸರಿ ಎಂದು ನಿಶ್ಚಯಿಸಿಕೊಂಡ.

ಬಿಡಾರದಲ್ಲಿ ಮಾತ್ರ ಗಲಾಟೆಯಾಯಿತು.

"ಏನ್ ಭಾವ, ಇಲಿ ಹೊಡೆಯೋಕೆ ತಂದಿದ್ದೀಯಾ?" ಎಂದ ಯಾಲ್ಮರ್, ಆ ಸಪೂರ ತೋಟಾವನ್ನು ಬೆರಳಲ್ಲಿ ಹಿಡಿದು ಒಲೆಯ ಬೆಳಕಿಗೆ ತೋರಿಸುತ್ತ. "ಇದರಲ್ಲಿ ಹಲ್ಲು ಕೆದಕ್ಬಹುದು ನೋಡು."

"ನಿನ್ನ ಬಾಯಿಗೆ ಅದೂ ಸಾಲ್ದು" ಎಂದಳು ಸೈಮಿ.

ಮೂಲೆಯಲ್ಲಿ ಬೂಟು ಬಿಚ್ಚುತ್ತಿದ್ದ ಮುದಿ ವಿಲ್ಹೊ ನಗಲಿಲ್ಲ. ಈ ಬಿಡಾರ ಕಟ್ಟಿದ ಮೂವರಲ್ಲಿ ಅವನೂ ಒಬ್ಬ. "ಒಂದು ಬಿಡಾರ, ಒಂದೇ ತೋಟಾ. ನಾವು ಹಾಗೇ ಮಾಡ್ಕೊಂಡು ಬಂದಿರೋದು, ತಾವೆತ್ತಿ" ಎಂದಷ್ಟೇ ಹೇಳಿದ.

ಅದು ಅಲ್ಲಿನ ಕಟ್ಟಳೆ. ಹಿಂದೆ ಹಳೆಯ ಕೋವಿಗಳನ್ನು ಬಿಟ್ಟು ಮುನ್ನೂರೆಂಟಕ್ಕೆ ಬಂದಾಗಲೂ ಎಲ್ಲರೂ ಒಂದೇ ವರ್ಷ ಒಟ್ಟಿಗೇ ಬಂದಿದ್ದರು. ಎಲ್ಲರದ್ದೂ ಒಂದೇ ತೋಟಾ ಆದರೆ ಒಬ್ಬನದ್ದು ಮುಗಿದರೆ ಇನ್ನೊಬ್ಬ ಕೊಡಬಹುದು. ಇನ್ನೊಂದು ರೂಢಿಯೂ ಇತ್ತು. ಬೇಟೆಯ ಋತು ಶುರುವಾಗುವ ದಿನ ಬೆಳಗಿನ ಕತ್ತಲಲ್ಲಿ ತೋಟಾ ಹಂಚುವುದು ಯಜಮಾನನ ಕೈ. ಒಲೆಯ ಮೇಲಿನ ಗೂಟಗಳಲ್ಲಿ ಎಲ್ಲರ ಚರ್ಮದ ಕೈಗವಸುಗಳು ಸಾಲಾಗಿ ತೂಗುತ್ತಿರುತ್ತವೆ. ಯಜಮಾನ ದೀಪ ಹಚ್ಚದೆ, ಮಾತಾಡದೆ, ಪ್ರತಿಯೊಬ್ಬರ ಬಲಗೈಯ ಕವಸಿನೊಳಗೆ ಐದೈದು ತೋಟಾ ಇಳಿಬಿಡಬೇಕು. ಅಷ್ಟು ಹೊತ್ತಿಗೆ ದೀಪ ಹಚ್ಚಿದರೆ ಜಿಂಕೆಗೆ ಕಿಟಕಿ ಕಾಣುತ್ತದೆ ಎಂದು ಹಿರಿಯರು ಹೇಳಿದ್ದರು. ನಿಜವೋ ಸುಳ್ಳೋ, ಯಾರೂ ಹಚ್ಚಿ ನೋಡಿರಲಿಲ್ಲ. ವಿಲ್ಹೊನ ಕೈ ನಡುಗತೊಡಗಿದ ಮೇಲೆ ಆ ಕೆಲಸ ತಾವೆತ್ತಿಗೆ ಬಂದಿತ್ತು.

"ಎರಡು ಜೇಬಿದೆ ನಂಗೆ" ಎಂದ ತಾವೆತ್ತಿ. "ಎಡದಲ್ಲಿ ನಮ್ಮದು, ಬಲದಲ್ಲಿ ಅವಳದ್ದು. ಕಡೇ ಗೂಟ ಅವಳದ್ದು. ಇದರಲ್ಲಿ ಏನು ಕಷ್ಟ?"

ವಿಲ್ಹೊ ಬೂಟನ್ನು ಒಲೆಯ ಪಕ್ಕಕ್ಕೆ ತಳ್ಳಿ ಮಲಗಲು ಹೋದ.

ಬೆಳಗಾಯಿತು. ತಾವೆತ್ತಿ ಕತ್ತಲಲ್ಲಿ ಎದ್ದು, ಗೂಟಗಳನ್ನು ಸವರಿಕೊಂಡು, ಮೊದಲ ಮೂರಕ್ಕೆ ಎಡಜೇಬಿನಿಂದ, ಕಡೆಯದಕ್ಕೆ ಬಲಜೇಬಿನಿಂದ ತೋಟಾ ಹಾಕಿದ. ಎಲ್ಲರೂ ನಿಂತುಕೊಂಡೇ ಕಾಫಿ ಕುಡಿದರು, ತಂತಮ್ಮ ಕೈಗವಸು ತಡವಿ ತೆಗೆದುಕೊಂಡರು, ಒಬ್ಬೊಬ್ಬರೇ ಹಿಮದೊಳಗೆ ನಡೆದುಹೋದರು. ಹೋಗುವಾಗ ಸೈಮಿ ಅಪ್ಪನ ತೋಳು ಮುಟ್ಟಿದಳು. "ರಾತ್ರಿ ನನ್ನ ಕವಸು ತೊಯ್ದಿತ್ತು. ಈಗ ಬಿಸಿಬಿಸಿ ಇದೆ" ಎಂದಳು. ಅವನು ಹೂಂ ಅಂದ. ಕತ್ತಲಲ್ಲಿ ಉಳಿದಿದ್ದ ಒಂದೇ ಕವಸನ್ನು ಯಾವ ಗೂಟದ್ದೆಂದು ಗಮನಿಸದೆ ಎಳೆದುಕೊಂಡು ಹೊರಟ.

ಅವನ ಜಾಗ ದಿಬ್ಬದ ಮೇಲೆ. ದಿಬ್ಬದ ಕೆಳಗೆ ಸೀಡರ್ ಮರಗಳ ದಟ್ಟ ಜೌಗು. ಜೌಗಿನ ಆಚೆ ಬದಿಯಲ್ಲಿ ಮರ ಕಡಿದ ಒಂದು ಬಯಲಿತ್ತು, ಅಲ್ಲಿ ಸೈಮಿ. ಅದು ಬಿಡಾರದ ಅತಿ ಒಳ್ಳೆಯ ಜಾಗ. ಜೌಗಿನಲ್ಲಿ ಮಲಗಿದ ಜಿಂಕೆಗಳನ್ನು ಯಾವ ಕಡೆಯಿಂದ ಎಬ್ಬಿಸಿದರೂ ಅವು ಅವಳ ಮುಂದೆಯೇ ಹಾಯಬೇಕು. ಅವಳಿಗೆ ಸಿಗಲಿ ಎಂದೇ ಅಲ್ಲಿ ಕೂರಿಸಿದ್ದ.

ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಮರದ ತೊಗಟೆ ಕಾಣುವಷ್ಟಾದಾಗ ತಾವೆತ್ತಿ ಕೋವಿಯನ್ನು ತೊಡೆಯ ಮೇಲಿಟ್ಟು ಕೈಗವಸನ್ನು ಅಂಗೈಗೆ ಬಗ್ಗಿಸಿದ.

ಸಪೂರದವು ಬಿದ್ದವು.

ಅವನು ನೋಡಿದ. ತಿರುಗಿಸಿ ನೋಡಿದ. ಉದ್ದ, ಸಪೂರ. ಹಿಂಬದಿಯ ಹಿತ್ತಾಳೆಯಲ್ಲಿ ಕೊರೆದ ಅಂಕಿಯನ್ನು ಕಣ್ಣ ಹತ್ತಿರ ಹಿಡಿದು ಓದಿದ. ಇನ್ನೂರೆಪ್ಪತ್ತು. ಕೈಗವಸನ್ನು ನೋಡಿದ, ಹೆಬ್ಬೆರಳಿನ ಹತ್ತಿರ ಹೊಲಿಗೆ ಹಾಕಿದ್ದು ಅವನದ್ದೇ. ಇದು ಕಡೆಯ ಗೂಟಕ್ಕೆ ಹೋಗಿದ್ದು ಹೇಗೆ ಎಂದು ಕೇಳಿಕೊಳ್ಳುವಷ್ಟರಲ್ಲಿ ಉತ್ತರವೂ ಬಂತು. ತೊಯ್ದ ಕವಸು. ಅವನದ್ದಾದ ಮೊದಲ ಗೂಟ ಒಲೆಯ ಹೊಗೆಕೊಳವೆಗೆ ಹತ್ತಿರ. ಅವಳು ತನ್ನದನ್ನು ಅಲ್ಲಿ ಹಾಕಿ, ಅಪ್ಪನದ್ದನ್ನು ಕಡೆಗೆ ಸರಿಸಿದ್ದಾಳೆ.

ಹಾಗಾದರೆ ಅವಳ ಕೈಯಲ್ಲಿರುವುದು ಮುನ್ನೂರೆಂಟು.

ಅವಳ ಉದ್ದ ತೋಟಾ ಅವನ ಕೋವಿಯಲ್ಲಿ ಕೂರುವುದಿಲ್ಲ, ತೋಟಾ ತುಂಬುವ ಹಿಂಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಅವನ ಗಿಡ್ಡ ತೋಟಾ ಅವಳ ಕೋವಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಸಿಕ್ಕಿಕೊಂಡಿದ್ದರೆ ದೇವರು ದೊಡ್ಡವನು. ಅದು ನೆಂಟರ ಮನೆಗೆ ಬಂದ ಹಾಗೆ ಸರಾಗವಾಗಿ ಒಳಗೆ ಹೋಗಿ ಕೂರುತ್ತದೆ, ಬಾಗಿಲೂ ಮುಚ್ಚುತ್ತದೆ. ಆದರೆ ಮುಂದಿನ ನಳಿಗೆ ಸಪೂರ. ದಪ್ಪ ಗುಂಡಿಗೆ ಹೋಗಲು ದಾರಿಯಿಲ್ಲ. ಮುಂದಕ್ಕೆ ಹೋಗಲಾಗದ ಬೆಂಕಿ ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವರ ಕೆನ್ನೆ.

ಅವನು ಹರೆಯದಲ್ಲಿದ್ದಾಗ ದೊಡ್ಡಪ್ಪನ ಮಗ ಒಸ್ಕರಿಗೆ ಹಾಗಾಗಿತ್ತು. ಆ ಸದ್ದು ಗುಂಡಿನ ಸದ್ದಿನಂತಿರಲಿಲ್ಲ. ಹಲಗೆ ಮುರಿದ ಹಾಗಿತ್ತು. ಒಸ್ಕರಿ ಆಮೇಲೆ ಬಹಳ ವರ್ಷ ಬದುಕಿದ. ಮಕ್ಕಳಿರುವ ಮನೆಗೆ ಮಾತ್ರ ಹೋಗುತ್ತಿರಲಿಲ್ಲ.

ತಾವೆತ್ತಿ ಎದ್ದು ನಿಂತ. ಬಾಯಿ ತೆರೆದ. ಕೂಗಲಿಲ್ಲ.

ಕೂಗಿದರೆ ಅವಳಿಗೆ ಕೇಳುವುದಿಲ್ಲ, ನಡುವೆ ಜೌಗಿನ ಇಡೀ ಅಗಲವಿದೆ. ಜಿಂಕೆಗಳಿಗೆ ಕೇಳುತ್ತದೆ. ಕೇಳಿದವು ಎದ್ದು ಎಲ್ಲಿಗೆ ಹೋಗುತ್ತವೆ? ಅವಳ ಹತ್ತಿರಕ್ಕೇ. ನೆಟ್ಟಗೆ ಜೌಗು ದಾಟಿ ಓಡಿದರೂ ಅಷ್ಟೇ, ತಾನೇ ಅವುಗಳನ್ನು ಅಟ್ಟಿಕೊಂಡು ಹೋಗಿ ಮಗಳ ಕೋವಿಯ ಮುಂದೆ ನಿಲ್ಲಿಸಿದ ಹಾಗೆ. ಅವಳಿಗೆ ಸಿಗಲಿ ಎಂದು ಎಷ್ಟು ಚೆನ್ನಾಗಿ ಯೋಚಿಸಿದ್ದನೋ, ಅಷ್ಟೂ ಈಗ ಅವನಿಗೆ ಎದುರಾಗಿ ನಿಂತಿತ್ತು.

ಉಳಿದದ್ದು ಹಳ್ಳದ ದಾರಿ. ಹಳ್ಳ ಜೌಗನ್ನು ಬಳಸಿಕೊಂಡು ಹೋಗಿ ಆ ಬಯಲಿನ ಬದಿಯಲ್ಲೇ ಹಾಯುತ್ತದೆ. ನೀರಿನೊಳಗೆ ನಡೆದರೆ ಸದ್ದು ನೀರಿನದ್ದಾಗುತ್ತದೆ, ವಾಸನೆಯೂ ಮೇಲಕ್ಕೇಳುವುದಿಲ್ಲ. ಅವನು ಕೋವಿಯನ್ನು ಮರಕ್ಕೆ ಒರಗಿಸಿಟ್ಟ. ಬಾಳಿನಲ್ಲಿ ಒಮ್ಮೆಯೂ ಕಾಡಿನಲ್ಲಿ ಕೋವಿ ಬಿಟ್ಟುಹೋದವನಲ್ಲ. ಸಪೂರ ತೋಟಾಗಳನ್ನು ಮುಷ್ಟಿಯಲ್ಲಿ ಹಿಡಿದು ದಿಬ್ಬ ಇಳಿದ.

ಅಂಚಿನ ಮಂಜುಗಡ್ಡೆ ಬಿಸ್ಕತ್ತಿನಂತೆ ಮುರಿಯಿತು. ನೀರು ಬೂಟಿನ ಮೇಲಿನಿಂದ ಒಳಕ್ಕೆ ಇಳಿದಾಗ ಉಸಿರು ಕಟ್ಟಿತು. ಓಡಬೇಕೆಂದು ಕಾಲು ಹಾತೊರೆಯುತ್ತಿತ್ತು, ಅವನು ಬಿಡಲಿಲ್ಲ. ಕೊಕ್ಕರೆಯ ಹಾಗೆ ಒಂದು ಕಾಲು ಎತ್ತಿ, ತಳ ತಡವಿ, ಇಟ್ಟು, ಇನ್ನೊಂದನ್ನು ಎತ್ತಿದ. ಅವಳು ಇನ್ನೂ ತುಂಬಿರಲಿಕ್ಕಿಲ್ಲ ಎಂದುಕೊಂಡ. ಇಲ್ಲ, ತುಂಬಿರುತ್ತಾಳೆ, ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡುವವಳು. ತುಂಬುವಾಗ ನೋಡಿರುತ್ತಾಳೆ. ಇಲ್ಲ, ಕೈಗವಸಿಗೆ ಬಂದದ್ದನ್ನು ಯಾರು ನೋಡುತ್ತಾರೆ? ತಾನು ನೋಡಿದ್ದು ಅಂಗೈಗೆ ತಪ್ಪಾಗಿ ತಾಗಿತೆಂದು. ಅವಳ ಅಂಗೈಗೆ ಯಾವುದು ಸರಿ, ಯಾವುದು ತಪ್ಪು ಎಂದು ಗೊತ್ತಾಗುವಷ್ಟು ವರ್ಷ ಕಳೆದಿಲ್ಲ.

ಆಗ ಗುಂಡಿನ ಸದ್ದು ಕೇಳಿತು.

ಅವನು ನೀರಿನಲ್ಲಿ ನಿಂತೇಬಿಟ್ಟ. ಸದ್ದು ಮರಗಳ ಮೇಲೆ ಉರುಳಿ ದೂರ ಹೋಯಿತು, ಹಿಮ ಅದರ ದಿಕ್ಕನ್ನು ನುಂಗಿಹಾಕಿತ್ತು. ಹಲಗೆ ಮುರಿದ ಹಾಗಿತ್ತಾ? ಇಲ್ಲ. ಉದ್ದ ಸದ್ದು, ದುಂಡಗಿನದು. ಇನ್ನೊಂದು ಬಂತು. ಒಡೆದ ಕೋವಿ ಎರಡನೆಯ ಸಲ ಮಾತಾಡುವುದಿಲ್ಲ. ಯಾಲ್ಮರ್! ಮೊದಲನೆಯದು ತಪ್ಪಿ ಬೈದುಕೊಂಡು ಇನ್ನೊಂದು ಹೊಡೆದಿದ್ದಾನೆ. ತಾವೆತ್ತಿಗೆ ಅಳು ಬಂದ ಹಾಗಾಯಿತು, ಅಷ್ಟರಲ್ಲೇ ಇನ್ನೊಂದು ಹೊಳೆದು ಅಳುವೂ ನಿಂತಿತು. ಯಾಲ್ಮರ್ ಕೂತಿರುವುದು ಜೌಗಿನ ತಲೆಯ ಕಡೆ. ಅವನ ಗುರಿ ತಪ್ಪಿದ ಜಿಂಕೆ ಜೌಗು ಹೊಕ್ಕಿದೆ. ಈಗ ಬರುತ್ತಿದೆ.

ಅವನು ಓಡಿದ. ನೀರು, ಕಲ್ಲು, ಬಿದ್ದ ಮರ ಯಾವುದನ್ನೂ ನೋಡಲಿಲ್ಲ. ಎರಡು ಸಲ ಬಿದ್ದ. ಮುಷ್ಟಿ ಮಾತ್ರ ಬಿಡಲಿಲ್ಲ.

ಹಳ್ಳದ ಪೊದೆ ಸರಿಸಿ ಬಯಲಿಗೆ ಬಂದಾಗ ಮೊದಲು ಕಂಡದ್ದು ಮಗಳ ಕೆಂಪು ಕೋಟು. ಎದುರು ಬದಿಯಲ್ಲಿ, ಸ್ಪ್ರೂಸ್ ಮರದ ಬುಡದಲ್ಲಿ ಕೂತಿದ್ದಳು. ಎರಡನೆಯದಾಗಿ ಕಂಡದ್ದು ಜಿಂಕೆ. ಜೌಗಿನಿಂದ ಹೊರಬಂದ ದೊಡ್ಡ ಗಂಡು ಅದು. ಕೊಂಬಿನ ಮೇಲೆ ಹಿಮ, ನಾಲಿಗೆ ಸ್ವಲ್ಪ ಹೊರಗೆ. ಅವನಿಗೂ ಅವಳಿಗೂ ನಡುವೆ ನಡೆದು ಬರುತ್ತಿತ್ತು. ಸೈಮಿಯ ಕೋವಿ ಮೇಲೆದ್ದಿತ್ತು. ಕೆನ್ನೆ ಅದರ ಮೇಲೆ ಒರಗಿತ್ತು.

ಈಗ ಕೂಗಿದರೆ ಜಿಂಕೆ ಚಕ್ಕನೆ ನಿಲ್ಲುತ್ತದೆ. ಹಾದುಹೋಗುವ ಜಿಂಕೆಯನ್ನು ನಿಲ್ಲಿಸಲು ಬೇಟೆಗಾರರು ಮಾಡುವುದೇ ಅದು, ಸಿಳ್ಳೆ ಹಾಕುತ್ತಾರೆ. ನಿಂತ ಕ್ಷಣವೇ ಹೊಡಿ ಎಂದು ಅವಳಿಗೆ ಹೇಳಿಕೊಟ್ಟವನೂ ಅವನೇ. ಅವನು ಇನ್ನೊಂದನ್ನೂ ಹೇಳಿಕೊಟ್ಟಿದ್ದ. ಬೇಟೆಗಾರರೆಲ್ಲ ತೊಡುವುದು ಕೆಂಪು; ಜಿಂಕೆಯ ಹಿಂದೆ ಕೆಂಪು ಕಂಡರೆ, ಅದರ ಕೊಂಬು ಎಷ್ಟೇ ದೊಡ್ಡದಿರಲಿ, ಬೆರಳು ತೆಗೆದುಬಿಡು.

ತಾವೆತ್ತಿ ಪೊದೆಯಿಂದ ಹೊರಬಂದು ಜಿಂಕೆಯ ಹಿಂದೆ ನೇರಕ್ಕೆ ನಡೆದು ನಿಂತ. ಎರಡೂ ತೋಳು ಅಗಲಿಸಿದ. ನೀರು ಸುರಿಯುವ ಕೆಂಪು ಕೋಟು ಎಷ್ಟು ಅಗಲವಾಗಬಹುದೋ ಅಷ್ಟು ಅಗಲವಾಯಿತು. ನಳಿಗೆಯ ಕಪ್ಪು ಬಾಯಿ ಅವನ ಎದೆಗೇ ನೆಟ್ಟಿತ್ತು. ಆ ತುದಿಯ ಭಯ ಅವನಿಗಿರಲಿಲ್ಲ, ಅಲ್ಲಿಂದ ಏನೂ ಬರುವುದಿಲ್ಲವೆಂದು ಗೊತ್ತಿತ್ತು. ಅವನ ಭಯವೆಲ್ಲ ಕೋವಿಯ ಇನ್ನೊಂದು ತುದಿಯದ್ದು, ಕೆನ್ನೆ ಒರಗಿದ ತುದಿಯದ್ದು. ನೋಡು, ನನ್ನನ್ನ ನೋಡು, ಕಣ್ಣು ಬಿಡು ಎಂದು ಒಳಗೇ ಅನ್ನುತ್ತಿದ್ದ. ತುಟಿ ಅಲುಗುತ್ತಿರಲಿಲ್ಲ.

ಜಿಂಕೆ ನಿಂತಿತು. ಕಿವಿ ತಿರುಗಿಸಿತು. ಕೋವಿ ಅಲುಗಲಿಲ್ಲ.

ಆಮೇಲೆ ನಳಿಗೆ ನಿಧಾನವಾಗಿ ಕೆಳಗಿಳಿಯಿತು. ಜಿಂಕೆ ಬಾಲದ ಬಿಳಿ ಎತ್ತಿ ಮೂರು ನೆಗೆತಕ್ಕೆ ಕಾಡು ಸೇರಿತು.

"ಅಪ್ಪಾ!" ಸೈಮಿ ಹಿಮದಲ್ಲಿ ಎಡವುತ್ತ ಓಡಿಬಂದಳು. ಮುಖ ಸುಣ್ಣದ ಹಾಗಿತ್ತು. "ನಿಂಗೇನು ತಲೆ ಕೆಟ್ಟಿದೆಯಾ? ಕೊಂದುಬಿಡ್ತಿದ್ದೆ ನಿನ್ನ! ಬೆರಳು ಎಳೀತಾ ಇತ್ತು, ಗೊತ್ತಾ? ಎಳೀತಾನೇ ಇತ್ತು!"

ಅವನು ಅವಳ ಕೈಯಿಂದ ಕೋವಿ ತೆಗೆದುಕೊಂಡು ಹಿಂಬದಿಯ ಬಾಗಿಲು ಎಳೆದ. ಗಿಡ್ಡ ತೋಟಾ ಹಾರಿ ಹಿಮದಲ್ಲಿ ಬಿತ್ತು. ಮತ್ತೆ ಎಳೆದ, ಮತ್ತೊಂದು ಬಿತ್ತು. ಕೋವಿಯ ಹೊಟ್ಟೆ ಬರಿದಾಗುವವರೆಗೆ ಎಳೆದ. ಆಮೇಲೆ ಮುಷ್ಟಿಯನ್ನು ಅವಳ ಮುಂದೆ ಚಾಚಿದ. ಬೆರಳುಗಳು ತಾವಾಗಿ ಬಿಚ್ಚಿಕೊಳ್ಳಲಿಲ್ಲ, ಸೈಮಿಯೇ ಒಂದೊಂದಾಗಿ ಬಿಡಿಸಿದಳು.

ಅವಳು ಅಂಗೈಯದನ್ನು ನೋಡಿದಳು, ಹಿಮದಲ್ಲಿದ್ದದ್ದನ್ನು ನೋಡಿದಳು. ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದಾಗ ಅಲ್ಲೇ ಒಂದು ಮರದ ಬೊಡ್ಡೆಯ ಮೇಲೆ ಕೂತುಬಿಟ್ಟಳು. ಕೈ ತಾನಾಗಿ ಕೆನ್ನೆಗೆ ಹೋಯಿತು.

"ತುಂಬುವಾಗ ಗಿಡ್ಡ ಅನ್ನಿಸ್ತು" ಎಂದಳು, ಬಹಳ ಮೆಲ್ಲಗೆ.

"ಅನ್ನಿಸ್ತಾ?"

"ಅನ್ನಿಸ್ತು. ಬೆರಳಿಗೆ ಗೊತ್ತಾಯ್ತು. ಆದ್ರೆ ನೀನು ಹಾಕಿದ್ದಲ್ವಾ? ಬೇಸಿಗೆಯಿಡೀ ಇದನ್ನೇ ಯೋಚ್ನೆ ಮಾಡ್ದೋನು. ಅಪ್ಪ ರಾತ್ರಿ ಇನ್ನೂ ಯೋಚ್ನೆ ಮಾಡಿ ಬದಲಾಯ್ಸಿರ್ಬೇಕು, ಕಾರಣ ಇರುತ್ತೆ ಅಂದ್ಕೊಂಡೆ."

ಹಳ್ಳದ ನೀರಿನಲ್ಲಿ ಬರದ ನಡುಕ ಆ ಮಾತಿಗೆ ಬಂತು. ಅವಳ ಹೆಗಲು, ಅವಳ ರೆಪ್ಪೆ, ಗುಂಡಿನ ತೂಕ, ಜಿಂಕೆಯ ನೋವು, ಎಲ್ಲವನ್ನೂ ತೂಗಿ ನೋಡಿದ್ದ. ಐವತ್ತು ವರ್ಷದಿಂದ ಎಲ್ಲರಿಗೂ ಒಂದೇ ಆಕಾರದ ತೋಟಾಕ್ಕೆ ಕಟ್ಟಿದ ರೂಢಿಯೊಳಕ್ಕೆ ಎರಡನೆಯ ಆಕಾರವನ್ನು ತಂದು ಹಾಕಿದರೆ ಏನಾಗುತ್ತದೆಂದು ತೂಗಿರಲಿಲ್ಲ. ವಿಲ್ಹೊನ ಮೂಗಿಗೆ ಅದರ ವಾಸನೆ ಬಡಿದಿತ್ತು, ಮಾತಾಗಿ ಬಾಯಿಗೆ ಬರಲಿಲ್ಲ.

"ತಗೋ" ಎಂದು ಒಂದು ಸಪೂರ ತೋಟಾ ಮುಂದೆ ಹಿಡಿದ. "ಆ ಗಂಡು ದೂರ ಹೋಗಿರಲ್ಲ. ಬೇರೆಯವೂ ಬರ್ತವೆ."

ಸೈಮಿ ಕೈ ಚಾಚಲಿಲ್ಲ. "ಬೇಡ."

"ಇದು ನಿಂದೇ. ಓದು, ಹಿಂದೆ ಬರ್ದಿದೆ."

"ಓದ್ದೆ. ನಿಂದೇ ಅಂತ ಬೆಳಿಗ್ಗೇನೂ ನೀನು ಕೊಟ್ಟಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅವನಿಗೆ ಸಲೀಸಿತ್ತು. "ಕೆನ್ನೆ ಇಡೋಕೆ ಆಗಲ್ಲ ಅಪ್ಪಾ. ನಂಗೆ ಗೊತ್ತು ಸರಿ ಇದೆ ಅಂತ. ಆದ್ರೂ ಆಗಲ್ಲ."

ತಾವೆತ್ತಿ ಅವಳ ಮುಖ ನೋಡಿದ. ಹೊಂಡದಲ್ಲಿ ರೆಪ್ಪೆ ಮುಚ್ಚುತ್ತಿದ್ದದ್ದು ಒದೆತದ ಹೆದರಿಕೆಗೆ, ಅದಕ್ಕೆ ಅವನು ತೋಟಾ ಹುಡುಕಿದ್ದ. ಈ ಹೆದರಿಕೆ ಅವನ ಕೈಯದ್ದು. ಇದಕ್ಕೆ ಯಾವ ತೋಟಾ ಇದೆ?

ಅವನು ಕೈಯಲ್ಲಿದ್ದ ಕೋವಿಯನ್ನು ನೆಟ್ಟಗೆ ಹಿಡಿದ. ಸಪೂರ ತೋಟಾವನ್ನು ಅವಳ ಕಣ್ಣೆದುರಿಗೆ ಎತ್ತಿ ತೋರಿಸಿ, ಒಳಗಿಟ್ಟು, ಬಾಗಿಲು ಮುಚ್ಚಿದ.

"ಏನ್ ಮಾಡ್ತೀಯ? ಸದ್ದಾದ್ರೆ ಈ ದಿನದ್ದೆಲ್ಲ ಮುಗೀತು. ಯಾಲ್ಮರ್ ಮಾವ ವರ್ಷವಿಡೀ ಆಡ್ಕೊಳ್ತಾನೆ."

"ಆಡ್ಕೊಳ್ಳಲಿ. ಅವನಿಗೆ ಬೇರೆ ಕೆಲಸ ಏನಿದೆ?"

ಹಳ್ಳದ ಆಚೆಯ ಮಣ್ಣಿನ ದಂಡೆಗೆ ಗುರಿಯಿಟ್ಟು ಕೆನ್ನೆಯನ್ನು ಕೋವಿಯ ಹಿಂಬದಿಯ ಮರಕ್ಕೆ ಒತ್ತಿದ. ಸರಿಯಾದ ತೋಟಾ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಎರಡು ಸಲ ಓದಿದ್ದ. ಆದರೂ ಬೆರಳು ಕುದುರೆಗೆ ತಾಗಿದಾಗ ಒಸ್ಕರಿಯ ಮುಖ ಎದುರಿಗೆ ಬಂತು. ಹಲಗೆ ಮುರಿಯುವ ಸದ್ದಿಗೆ ಕಿವಿ ಕಾಯತೊಡಗಿತು. ಕೆನ್ನೆಯ ಚರ್ಮ ತಾನಾಗಿ ಹಿಂದಕ್ಕೆ ಸರಿಯಿತು. ಅವಳು ಹೇಳಿದ್ದು ಇದನ್ನೇ ಎಂದು ಆಗ ಗೊತ್ತಾಯಿತು. ಕೆನ್ನೆಯನ್ನು ಮತ್ತೆ ತಂದು ಒತ್ತಿದ. ಮತ್ತೆ ಸರಿಯಿತು. ಅವಳು ನೋಡುತ್ತಿದ್ದಳು. ಮೂರನೆಯ ಸಲ ಒತ್ತಿ ಎಳೆದ.

ಕೋವಿ ಕೋವಿಯ ಹಾಗೆ ಗುಡುಗಿತು. ದಂಡೆಯ ಮಣ್ಣು ಹಾರಿತು. ಸ್ಪ್ರೂಸಿನ ಹಿಮ ಇಬ್ಬರ ಮೇಲೂ ಉದುರಿತು.

ಅವನು ಕೋವಿಯನ್ನು ಕೆಳಗಿಳಿಸಿ ಉಸಿರು ಬಿಟ್ಟ. ಸೈಮಿ ಅವನ ಕೆನ್ನೆಯನ್ನೇ ನೋಡುತ್ತಿದ್ದಳು, ಈ ಕಡೆಯಿಂದ, ಆ ಕಡೆಯಿಂದ.

"ನಡುಗ್ತಾ ಇದ್ದೀಯಲ್ಲ" ಎಂದಳು.

"ಚಳಿ."

"ಸುಳ್ಳು."

"ಸುಳ್ಳೇ" ಎಂದ ತಾವೆತ್ತಿ.

ಅವಳು ಎದ್ದಳು. ಅವನ ಅಂಗೈಯಿಂದ ಇನ್ನೊಂದು ತೋಟಾವನ್ನು ತಾನೇ ಆರಿಸಿಕೊಂಡಳು. ಬೆಳಕಿಗೆ ಹಿಡಿದು ಹಿಂಬದಿಯ ಅಂಕಿಯನ್ನು ಗಟ್ಟಿಯಾಗಿ, ಮಗು ಓದುವ ಹಾಗೆ ಓದಿದಳು. ಕೋವಿ ತೆಗೆದುಕೊಂಡು ನಳಿಗೆಯ ಮೇಲೆ ಕೊರೆದ ಅಂಕಿಯನ್ನೂ ಓದಿದಳು. ತುಂಬಿ, ಅದೇ ದಂಡೆಗೆ ಹಿಡಿದು, ಕೆನ್ನೆಯಿಟ್ಟಳು. ಬಹಳ ಹೊತ್ತು ಹಾಗೇ ನಿಂತಳು. ತಾವೆತ್ತಿ ಅವಳ ರೆಪ್ಪೆ ನೋಡಲು ಹೋಗಲಿಲ್ಲ. ಅವಳ ಬೆನ್ನ ಹಿಂದೆ, ಒಂದು ವೇಳೆ ಏನಾದರೂ ಹಿಂದಕ್ಕೆ ಬಂದರೆ ಅವಳಿಗೆ ಆದದ್ದು ತನಗೂ ಆಗುವಷ್ಟು ಹತ್ತಿರ ಹೋಗಿ ನಿಂತ.

ಗುಂಡು ಹಾರಿತು.

ಜಿಂಕೆಯ ಜಾಡು ಹಿಡಿದು ಜೌಗಿನ ನಡುವಿನವರೆಗೆ ಬಂದಿದ್ದ ಯಾಲ್ಮರ್ ಕೂಗಿದ್ದು ತೆಳ್ಳಗೆ ಕೇಳಿಸಿತು: "ಬಿತ್ತಾ-ಆ? ಏನೇ ಸೈಮಿ, ಇಲಿ ಬಿತ್ತಾ?"

ಸೈಮಿ ಹಿಮದಲ್ಲಿ ಮಂಡಿಯೂರಿ ಗಿಡ್ಡ ತೋಟಾಗಳನ್ನು ಹುಡುಕತೊಡಗಿದಳು. ಒಂದೂ ಉಳಿಯಬಾರದೆಂದು ಬರಿಗೈಯಲ್ಲೇ ಹಿಮ ಕೆದಕಿದಳು. ತಾವೆತ್ತಿಯೂ ಅವಳ ಪಕ್ಕದಲ್ಲಿ ಮಂಡಿಯೂರಿದ.